ಇಲಿಗೆ ಹರಳೆಣ್ಣೆ, ಕಳ್ಳನಿಗೆ ಕನ್ನಡ

ಹರಳೆಣ್ಣೆಯಿಂದ ತಪ್ಪಿಸಿಕೊಳ್ಳುವುದಕ್ಕೇ ನಾನು ಅಮೆರಿಕಕ್ಕೆ ಬಂದೆ ಎಂದರೆ ಸ್ವಲ್ಪ ಹೆಚ್ಚಾದೀತು. ಆದರೆ ಸಾಗರದ ಮನೆಯಲ್ಲಿ ಬೇಸಿಗೆ ರಜೆ ಮುಗಿಯುತ್ತಿದ್ದಂತೆ ಅಜ್ಜಿ ಮಕ್ಕಳನ್ನೆಲ್ಲ ಜಗಲಿಯ ಮೇಲೆ ಸಾಲಾಗಿ ಕೂರಿಸಿ, ಮೂಗು ಹಿಡಿದು ಕುಡಿಸುತ್ತಿದ್ದ ಆ ಎಣ್ಣೆಗೂ ನನಗೂ ಋಣ ಹರಿಯಿತು ಎಂದು ನಂಬಿದ್ದಂತೂ ನಿಜ. ಈಗ ನೋಡಿದರೆ ವೆಸ್ಟ್ ವರ್ಜೀನಿಯಾದ ಗುಡ್ಡಗಾಡಿನ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ಅದೇ ಎಣ್ಣೆ ಬೆರೆಸಿದ ಕಾಳುಗಳ ಚೀಲವನ್ನು ಡಾಲರ್ ಎಣಿಸಿ ಕೊಳ್ಳುತ್ತಿದ್ದೇನೆ. ನೆಲದೊಳಗೆ ಸುರಂಗ ಕೊರೆಯುವ ಪ್ರಾಣಿಗಳಿಗೆ ಇದು ಆಗಿಬರುವುದಿಲ್ಲವಂತೆ. ಆ ಮಟ್ಟಿಗೆ ಅವುಗಳ ಬಗ್ಗೆ ನನಗೆ ಪೂರ್ತಿ ಸಹಾನುಭೂತಿಯಿದೆ. ಜಗತ್ತಿನ ಹರಳಿನಲ್ಲಿ ದೊಡ್ಡ ಪಾಲು ಬೆಳೆಯುವುದು ಗುಜರಾತಿನಲ್ಲಿ. ಅಂದಮೇಲೆ ಈ ಚೀಲದೊಳಗಿನ ಎಣ್ಣೆಯೂ ಬಹುಶಃ ನನ್ನ ಹಾಗೆ ಹಡಗೋ ವಿಮಾನವೋ ಹತ್ತಿಯೇ ಬಂದಿರಬೇಕು.

ಇಷ್ಟೆಲ್ಲ ಜಿನ್‌ಸೆಂಗ್ ಎಂಬ ಮದ್ದಿನ ಬೇರಿಗಾಗಿ. ನಾವಿರುವುದು ಮಾರ್ಗನ್‌ಟೌನ್‌ನಿಂದ ಸ್ವಲ್ಪ ಹೊರಗೆ. ಮನೆಯ ಹಿಂದೆ ಉತ್ತರಕ್ಕೆ ಇಳಿಯುವ ಕಾಡಿದೆ. ಮೇಲೆ ಶುಗರ್ ಮೇಪಲ್, ಟ್ಯುಲಿಪ್ ಪಾಪ್ಲರ್ ಮರಗಳ ನೆರಳು; ಕೆಳಗೆ ಕಾಲಿಟ್ಟರೆ ಹೂತುಹೋಗುವಷ್ಟು ದರಕು. ಅಪ್ಪ ನೋಡಿದ್ದರೆ ನಿಂತ ಕಾಲಲ್ಲೇ ಏಲಕ್ಕಿ ಹಚ್ಚುವ ಮಾತೆತ್ತುತ್ತಿದ್ದರು. ಇಲ್ಲಿನ ಹಿಮಕ್ಕೆ ಏಲಕ್ಕಿ ಒಂದು ರಾತ್ರಿಯೂ ಬಾಳುವುದಿಲ್ಲ, ಜಿನ್‌ಸೆಂಗ್‌ಗೆ ಮಾತ್ರ ಆ ಚಳಿಯೇ ಬೇಕು. ಪಕ್ಕದ ಮನೆಯ ಮುದುಕ ಕಲ್ಲಿದ್ದಲ ಗಣಿಯಲ್ಲಿ ದುಡಿದು ನಿವೃತ್ತನಾದವನು. ನಾವು ಬಂದ ಹೊಸದರಲ್ಲಿ ಬೇಲಿಗೆ ಮೊಣಕೈ ಊರಿ ಈ ಇಳಿಜಾರನ್ನು ನೋಡಿ ‘ಒಳ್ಳೇ ಸ್ಯಾಂಗ್ ನೆಲ’ ಎಂದ. ಇಲ್ಲಿನವರ ಬಾಯಲ್ಲಿ ಜಿನ್‌ಸೆಂಗ್ ಎಂದರೆ ಸ್ಯಾಂಗ್. ಅವನ ಬಾಲ್ಯದಲ್ಲಿ ಸೆಪ್ಟೆಂಬರ್ ಬಂತೆಂದರೆ ಹುಡುಗರು ಕಾಡು ಹೊಕ್ಕು ಸ್ಯಾಂಗ್ ಅಗೆದು, ಒಣಗಿಸಿ, ಅಂಗಡಿಗೆ ಮಾರಿ ಶಾಲೆಗೆ ಬೂಟು ಕೊಳ್ಳುತ್ತಿದ್ದರಂತೆ. ‘ನೀನೂ ತಿಂತಿದ್ದೆಯಾ?’ ಎಂದು ಕೇಳಿದೆ. ‘ತಿನ್ನೋರು ಚೀನಾದವರು. ನಾವು ಬೂಟು ಹಾಕ್ಕೊಳ್ಳೋರು’ ಎಂದ.

ಬೆಳೆಯುವವರಿಗೆ ಇದು ಕೊಡುವ ಮೊದಲ ಪಾಠ ಕಾಯುವುದು. ಕೆಂಪು ಹಣ್ಣಿನೊಳಗಿನ ಬೀಜ ನೆಲಕ್ಕೆ ಬಿದ್ದ ಮುಂದಿನ ವಸಂತದಲ್ಲಿ ಮೊಳೆಯುವುದಿಲ್ಲ, ಅದರಾಚೆಯ ವಸಂತದಲ್ಲಿ ಮೊಳೆಯುತ್ತದೆ. ಸುಮಾರು 18 ತಿಂಗಳ ಈ ನಿದ್ದೆಯನ್ನು ಬೆಳೆಗಾರರು ಕಾವಲಿನಲ್ಲಿ ಮಾಡಿಸುತ್ತಾರೆ: ಬೀಜವನ್ನು ಒದ್ದೆ ಮರಳಿಗೆ ಬೆರೆಸಿ, ಮರದ ಪೆಟ್ಟಿಗೆಗೆ ತುಂಬಿ, ಮೇಲೂ ಕೆಳಗೂ ಕಾಲಿಂಚು ಕಣ್ಣಿನ ತಂತಿಬಲೆ ಬಡಿದು ನೆಲದಲ್ಲಿ ಹೂಳುತ್ತಾರೆ. ಕಣ್ಣು ಅದಕ್ಕಿಂತ ದೊಡ್ಡದಾದರೆ ಇಲಿಮರಿ ನುಸುಳಿ ಒಳಗೇ ಸಂಸಾರ ಹೂಡುತ್ತದೆ. ಆಮೇಲೆ ಬಿತ್ತನೆ. ಮೊದಲ ವರ್ಷ ಸ್ಟ್ರಾಬೆರಿ ಸಸಿಯೆಂದು ಮೋಸಹೋಗುವಂಥ ಮೂರು ಎಲೆ. ಮುಂದೆ ಎರಡು ಕವಲು, ಮೂರು ಕವಲು, ಅದೃಷ್ಟವಿದ್ದರೆ ನಾಲ್ಕು. ಪ್ರತಿ ಶರತ್ಕಾಲದಲ್ಲಿ ಕಾಂಡ ಕಳಚಿ ಬೇರಿನ ಕುತ್ತಿಗೆಯ ಮೇಲೊಂದು ಕಲೆ ಬಿಡುತ್ತದೆ. ಕಲೆ ಎಣಿಸಿದರೆ ವಯಸ್ಸು ಸಿಕ್ಕಿತು. ಕಾಡಿನದಾದರೆ ಐದು ವರ್ಷ ತುಂಬದ ಬೇರನ್ನು ಈ ದೇಶದಿಂದ ಹೊರಗೆ ಕಳಿಸುವಂತಿಲ್ಲ, ಮತ್ತು ಒಳ್ಳೆಯ ಬೆಲೆ ಸಿಗಬೇಕೆಂದರೆ ಎಂಟು ಹತ್ತು ವರ್ಷವಾದರೂ ಮಣ್ಣಿನಲ್ಲಿರಬೇಕು. ವಿಸ್ಕಾನ್ಸಿನ್‌ನ ಮ್ಯಾರಥಾನ್ ಕೌಂಟಿಯಲ್ಲಿ ಚಪ್ಪರ ಹಾಕಿ ಎಕರೆಗಟ್ಟಲೆ ಬೆಳೆಯುವ ಬೇರಿಗೂ ಕಾಡಿನಲ್ಲಿ ಕಷ್ಟಪಟ್ಟು ಸುರುಟಿಕೊಂಡ ಬೇರಿಗೂ ದರದಲ್ಲಿ ಅಜಗಜಾಂತರ. ಚೀನಾದ ಗಿರಾಕಿಗೆ ಬೇರಿನ ಮೈಮೇಲೆ ಕಷ್ಟ ಕಾಣಬೇಕು.

ಹತ್ತು ವರ್ಷ ನೆಲದೊಳಗೆ ಕೂರುವ ಬೇರೆಂದರೆ ಹತ್ತು ಚಳಿಗಾಲ ಯಾರ ಬಾಯಿಗಾದರೂ ಬೀಳಬಹುದಾದ ಬೇರು. ಆ ಬಾಯಿಗಳ ಪೈಕಿ ಮೊದಲನೆಯದು ವೋಲ್‌ನದು. ಮೋಟು ಬಾಲ, ಕಂಡೂ ಕಾಣದ ಕಿವಿ, ಕಂದು ಬಣ್ಣ. ನಮ್ಮ ಸುಂಡಿಲಿಯನ್ನು ಸ್ವಲ್ಪ ಗುಂಡಗೆ ಮಾಡಿದರೆ ಇದಾಗುತ್ತದೆ. ಸೇಬು ಬೆಳೆಯುವವರಿಗೂ ಇದರ ಹೆಸರೆತ್ತಿದರೆ ಉರಿ. ಒಂದು ಜೂನ್‌ನಲ್ಲಿ ಮೂರು ಕವಲಿನ ಗಿಡವೊಂದು ನೀರಿದ್ದೂ ಸೊರಗಿ ನಿಂತಿತ್ತು. ಕಾಂಡಕ್ಕೆ ಎರಡು ಬೆರಳು ತಾಗಿಸಿದೆ ಅಷ್ಟೆ, ಎಳೆಯುವ ಮೊದಲೇ ಎದ್ದು ಕೈಗೆ ಬಂತು. ಬೇರು ಇರಬೇಕಾದಲ್ಲಿ ಓರೆಯಾಗಿ ಕತ್ತರಿಸಿದ ಗುರುತು, ಅದರ ಮೇಲೆ ಒತ್ತೊತ್ತಾಗಿ ಜೋಡಿ ಹಲ್ಲಿನ ಗೀರು. ಕೆಳಗೆ ಹೆಬ್ಬೆರಳು ಹಿಡಿಸುವಷ್ಟು ಅಗಲದ ದಾರಿ. ಗೋಡೆ ಸಾರಿಸಿದಷ್ಟು ನುಣುಪು, ಒಂದು ಮಣ್ಣಿನ ಕಾಳೂ ಉದುರಿರಲಿಲ್ಲ. ಕೆಲಸದ ಅಚ್ಚುಕಟ್ಟಿಗೆ ಮೆಚ್ಚಬೇಕು.

ಆ ದಾರಿ ಅಗೆದದ್ದು ಬಹಳ ಸಲ ವೋಲ್ ಅಲ್ಲ, ಮೋಲ್. ಈ ಬಡಪಾಯಿ ತಿನ್ನುವುದು ಎರೆಹುಳು, ಗೊಬ್ಬರದ ಹುಳು. ಬೇರು ಮೂಸಿಯೂ ನೋಡುವುದಿಲ್ಲ. ಅದು ಹುಳುವಿಗೆಂದು ಕೊರೆದ ಸುರಂಗದಲ್ಲಿ ಹಿಂದಿನಿಂದ ವೋಲ್ ಬಂದು ಊಟ ಮುಗಿಸಿ ಹೋಗುತ್ತದೆ. ಹರಳೆಣ್ಣೆಗೆ ಹೆದರಿ ಸ್ವಲ್ಪ ಕಾಲ ದೂರ ಸರಿಯುವುದೂ ಮೋಲ್‌ನಂಥ ಮರ್ಯಾದಸ್ಥರೇ. ವೋಲ್‌ಗೆ ನಮ್ಮಜ್ಜಿಯ ಕೈಯೇ ಬೇಕಿತ್ತು.

ಉಳಿದದ್ದು ಬೋನು. ಇಲ್ಲಿನವರು ಕಡಲೆಕಾಯಿ ಬೆಣ್ಣೆ ಸವರಿ ಬಿಲದ ಬಾಯಿಗೆ ಅಡ್ಡಲಾಗಿ ಇಟ್ಟು, ಮೇಲೊಂದು ಹಲಗೆ ಮುಚ್ಚುತ್ತಾರೆ. ಬೋನು ಇಡುವ ಮುಖ್ಯ ಕಾಲ, ಹಣ್ಣು ಕೆಂಪಾಗುವ ಕಾಲ, ನಮ್ಮ ಚೌತಿ, ಮೂರೂ ಒಟ್ಟೊಟ್ಟಿಗೆ ಬರುವುದು ನನ್ನ ಪ್ರಾರಬ್ಧ. ಒಳಗೆ ಮೋದಕ ಹಬೆಯಲ್ಲಿದ್ದಾಗ ಹೊರಗೆ ವಾಹನಕ್ಕೆ ಬೋನು ಇಡುವುದನ್ನು ಅಮ್ಮ ವಿಡಿಯೊ ಕರೆಯಲ್ಲಿ ನೋಡಿ ‘ಇವತ್ತೊಂದು ದಿನವಾದರೂ ಎತ್ತಿಡೇ’ ಎಂದು ಬೇಡಿದಳು. ಎತ್ತಿಟ್ಟೆ. ಕಾರಣ ಕೇಳಿದ ಮುದುಕನಿಗೆ ಗಣಪತಿಯ ಕತೆ ಹೇಳಿದೆ. ಶ್ರದ್ಧೆಯಿಂದ ಕೇಳಿ, ‘ಹಾಗಾದರೆ ಅವನಿಗೇ ಹೇಳಿ ಒಂದು ಮಾತು ಆಡಿಸಬಾರದಾ?’ ಎಂದ.

ವಿಷ ಬೇಡವೆಂದು ನಿರ್ಧರಿಸಿದ್ದು ಭೂತದಯೆಯಿಂದಲ್ಲ, ಲೆಕ್ಕಾಚಾರದಿಂದ. ನಮ್ಮ ಗದ್ದೆಗಳಲ್ಲಿ ಹಾಕುವ ಜಿಂಕ್ ಫಾಸ್ಫೈಡ್ ಇಲ್ಲಿನ ಸೇಬಿನ ತೋಟಗಳಲ್ಲೂ ಇದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಬೇರೆ ಮದ್ದುಗಳೂ ಇವೆ. ಈ ಎರಡನೆಯ ಬಗೆಯ ಮದ್ದು ತಿಂದ ಇಲಿ ಕೂಡಲೇ ಸಾಯದೆ ದಿನಗಟ್ಟಲೆ ತೂಕಡಿಸುತ್ತ ಓಡಾಡುತ್ತದೆ. ಅದನ್ನು ಹಿಡಿದ ಗೂಬೆಗೂ ವಿಷವೇರುತ್ತದೆ. ಸಂಬಳವಿಲ್ಲದೆ ರಾತ್ರಿಪಾಳಿ ಮಾಡುವ ಗೂಬೆಯನ್ನು ಕೊಂದು ನಾನೇ ಟಾರ್ಚ್ ಹಿಡಿದು ಕೂರಲೇ? ಇಲ್ಲಿನ ಕರಿಹಾವು ಊರಿನ ಕೇರೆಹಾವಿನಷ್ಟೇ ಸಭ್ಯ, ಅಷ್ಟೇ ಹಸಿವಿನದು. ನೆರಳಿನಲ್ಲಿ ಒಂದಷ್ಟು ಕಲ್ಲು ಪೇರಿಸಿ ಅದಕ್ಕೆ ಮನೆ ಮಾಡಿಕೊಟ್ಟೆವು. ಅಂದಿನಿಂದ ನನ್ನ ಗಂಡ ಮಾತ್ರ ಆ ಕಡೆ ಬರುವುದಿಲ್ಲ.

ನೆಲದ ಮೇಲಿನ ದೊಡ್ಡ ಪೀಡೆ ಬಿಳಿಬಾಲದ ಜಿಂಕೆ. ತೋಳವನ್ನೂ ಬೆಟ್ಟದ ಸಿಂಹವನ್ನೂ ಈ ಕಾಡುಗಳಿಂದ ಅಳಿಸಿದ ಮೇಲೆ ಅದನ್ನು ಕೇಳುವವರಿಲ್ಲ. ಜಿಂಕೆ ಮೇಲ್ಭಾಗ ಮೇದರೆ ಜಿನ್‌ಸೆಂಗ್ ಆ ವರ್ಷ ಮತ್ತೆ ಚಿಗುರುವುದಿಲ್ಲ. ಬೇರು ಸಣ್ಣದಾಗಿ ಮರುವರ್ಷ ಎದ್ದೀತು, ಇಲ್ಲವೇ ಒಂದು ವರ್ಷ ಮುಸುಕೆಳೆದು ಮಲಗೀತು. ಹಾಗಾಗಿ ವಸಂತದಲ್ಲಿ ಖಾಲಿ ಜಾಗ ಕಂಡರೆ ಗಿಡ ಸತ್ತಿದೆಯೋ, ಮಲಗಿದೆಯೋ, ವೋಲ್‌ನ ಹೊಟ್ಟೆ ಸೇರಿದೆಯೋ ಅಗೆಯದೆ ಗೊತ್ತಾಗುವುದಿಲ್ಲ. ಅಗೆದರೆ ಮಲಗಿದ್ದದ್ದೂ ಕೆಡುತ್ತದೆ. ನಮ್ಮೂರಿನದೇ ವಿಶ್ವವಿದ್ಯಾಲಯದ ಜೇಮ್ಸ್ ಮೆಕ್‌ಗ್ರಾ ಮತ್ತು ಮೇರಿ ಆನ್ ಫ್ಯುರೆಡಿ ಕಾಡು ಜಿನ್‌ಸೆಂಗ್‌ನ ತಾಣಗಳನ್ನು ವರ್ಷಗಟ್ಟಲೆ ಎಣಿಸಿ, ಜಿಂಕೆಯ ಮೇಯುವಿಕೆ ಹೀಗೇ ನಡೆದರೆ ಅವು ಇನ್ನು ನೂರು ವರ್ಷದೊಳಗೆ ಬಹುಮಟ್ಟಿಗೆ ಅಳಿದಾವು ಎಂದು 2005ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದರು. ಹಣ್ಣು ತಿಂದ ಜಿಂಕೆ ಬೀಜ ಹರಡಬಹುದೆಂಬ ಆಸೆಯನ್ನೂ ಅವರೇ ಪರೀಕ್ಷಿಸಿ ನೋಡಿದರು: ಬೀಜ ಅದರ ಹೊಟ್ಟೆಯಲ್ಲೇ ಮುಗಿಯುತ್ತದೆ. ಟರ್ಕಿ ಕೋಳಿಯೂ ಅಷ್ಟೆ, ಅರೆದು ಹಿಟ್ಟು ಮಾಡುತ್ತದೆ. ಈ ಕಳ್ಳರ ಸಂತೆಯಲ್ಲಿ ಪ್ರಾಮಾಣಿಕ ಗಿರಾಕಿಯೆಂದರೆ ವುಡ್ ಥ್ರಶ್ ಎಂಬ ಹಕ್ಕಿ. ಹಣ್ಣು ನುಂಗಿ, ತಿರುಳಿನ ರುಚಿ ನೋಡಿ, ಬೀಜವನ್ನು ಇನ್ನೊಂದು ಮರದಡಿ ಕಕ್ಕಿ ಹೋಗುತ್ತದೆ.

ಇಷ್ಟು ಹೇಳಿ ಮನುಷ್ಯನನ್ನು ಬಿಟ್ಟರೆ ವೋಲ್‌ಗೆ ಅನ್ಯಾಯ. ಚೀನಾದ ಚಕ್ರವರ್ತಿ ಕಾಂಗ್ಸಿಗಾಗಿ ನಕ್ಷೆ ಬರೆಯುತ್ತ ಕೊರಿಯಾದ ಗಡಿಯವರೆಗೆ ಹೋಗಿದ್ದ ಜೆಸ್ವಿಟ್ ಪಾದ್ರಿ ಪಿಯರ್ ಜಾರ್ತೂ, ಅಲ್ಲಿ ಕಂಡ ಜಿನ್‌ಸೆಂಗ್ ಬಗ್ಗೆ 1711ರಲ್ಲಿ ಒಂದು ಕಾಗದ ಬರೆದ. ದಣಿದಿದ್ದಾಗ ತಾನೇ ತಿಂದು ನೋಡಿ ಚೇತರಿಸಿಕೊಂಡದ್ದನ್ನು ಹೇಳಿ, ಇಂಥದೇ ಗುಡ್ಡ, ಇಂಥದೇ ಕಾಡು ಕೆನಡಾದಲ್ಲೂ ಇರುವುದರಿಂದ ಅಲ್ಲಿಯೂ ಇದ್ದೀತು ಎಂದು ಊಹಿಸಿದ. ಕೆನಡಾದಲ್ಲಿದ್ದ ಇನ್ನೊಬ್ಬ ಪಾದ್ರಿ ಜೋಸೆಫ್ ಫ್ರಾಂಸ್ವಾ ಲಾಫಿತೊ ಅದನ್ನೋದಿ ಹುಡುಕಲು ಹೊರಟ. 1716ರಲ್ಲಿ ಮಾಂಟ್ರಿಯಲ್ ಬಳಿ, ಮನೆಯೊಂದರ ಹತ್ತಿರವೇ, ಗಿಡ ಸಿಕ್ಕಿತು. ಮೊಹಾಕ್ ಹೆಂಗಸೊಬ್ಬಳಿಗೆ ತೋರಿಸಿದರೆ ಅವಳಿಗದು ಮೊದಲಿಂದ ಗೊತ್ತಿದ್ದ ಮನೆಮದ್ದು. ಪಾದ್ರಿ ಕಂಡುಹಿಡಿದ, ಅವಳು ಗುರುತು ಹಿಡಿದಳು. ಪುಸ್ತಕಗಳು ಮೊದಲನೆಯದನ್ನು ದೊಡ್ಡಕ್ಷರದಲ್ಲಿ ಹಾಕುತ್ತವೆ.

ಆಮೇಲಿನದು ಬರೀ ಅವಸರ. 1749ರಲ್ಲಿ ಅಲ್ಲಿಗೆ ಹೋದ ಲಿನೇಯಸ್‌ನ ಶಿಷ್ಯ ಪೀಟರ್ ಕಾಲ್ಮ್, ಮೂಲನಿವಾಸಿಗಳೆಲ್ಲ ಜಿನ್‌ಸೆಂಗ್ ಅಗೆಯಲು ಹೋಗಿ ಫ್ರೆಂಚ್ ರೈತರಿಗೆ ಕೂಲಿಯಾಳೇ ಸಿಗದಂತಾಗಿದ್ದನ್ನು ಬರೆದಿಟ್ಟಿದ್ದಾನೆ. ಬೆಲೆ ಏರಿತು. ಶರತ್ಕಾಲಕ್ಕೆ ಕಾಯದೆ ವಸಂತದಲ್ಲೇ ಅಗೆದರು, ನೆರಳಲ್ಲಿ ಒಣಗಿಸುವುದು ಬಿಟ್ಟು ಒಲೆಯಲ್ಲಿ ಒಣಗಿಸಿದರು. 1752ರ ಆ ಮಾಲನ್ನು ಚೀನಾದ ವ್ಯಾಪಾರಿಗಳು ಒಪ್ಪಲಿಲ್ಲ. ಕೆನಡಾದ ವ್ಯಾಪಾರ ಮಕಾಡೆ ಮಲಗಿತು. ಬುದ್ಧಿ ಬಂತೇ? ಅಮೆರಿಕ ಸ್ವತಂತ್ರವಾದ ಮೇಲೆ, 1784ರ ಫೆಬ್ರವರಿ 22ರಂದು ನ್ಯೂಯಾರ್ಕ್‌ನಿಂದ ಕ್ಯಾಂಟನ್‌ಗೆ ಹೊರಟ ಮೊದಲ ಹಡಗು ‘ಎಂಪ್ರೆಸ್ ಆಫ್ ಚೈನಾ’ ಹೊತ್ತದ್ದು ಸುಮಾರು 30 ಟನ್ ಜಿನ್‌ಸೆಂಗ್. ಅದೇ ಸೆಪ್ಟೆಂಬರಿನಲ್ಲಿ ಜಾರ್ಜ್ ವಾಷಿಂಗ್ಟನ್ ಈ ಬೆಟ್ಟಗಳ ಕಡೆ ಬಂದಾಗ ಜಿನ್‌ಸೆಂಗ್ ಹೇರಿದ ಕುದುರೆಗಳ ಸಾಲು ಎದುರಾದದ್ದನ್ನು ದಿನಚರಿಯಲ್ಲಿ ಗುರುತು ಹಾಕಿಕೊಂಡ. ಅಷ್ಟು ಬೇರು ತಿನ್ನಲು ಎಷ್ಟು ವೋಲ್ ಬೇಕಾದೀತು, ಲೆಕ್ಕಹಾಕುವ ಧೈರ್ಯ ನನಗಿಲ್ಲ. 1975ರಿಂದ ಇದರ ರಫ್ತಿನ ಮೇಲೆ ಅಂತರರಾಷ್ಟ್ರೀಯ ಒಪ್ಪಂದದ ಕಣ್ಣಿದೆ. ಉತ್ತರ ಕ್ಯಾರೊಲೈನಾದ ನಾಂಟಹೇಲಾ, ಪಿಸ್ಗಾ ಕಾಡುಗಳಲ್ಲಿ 2021ರಿಂದ ಅಗೆಯುವ ಪರವಾನಗಿಯನ್ನೇ ನಿಲ್ಲಿಸಿದ್ದಾರೆ.

ಇಷ್ಟು ವರ್ಷದಲ್ಲಿ ನಾನು ಕಂಡುಕೊಂಡ ಉಪಾಯವೆಂದರೆ ತೋಟ ತೋಟದಂತೆ ಕಾಣದಿರುವುದು. ಮಡಿ ಕಟ್ಟಿ, ಮಣ್ಣು ಸಡಿಲಿಸಿ, ಒತ್ತಾಗಿ ನೆಟ್ಟರೆ ವೋಲ್‌ಗೆ ಪಂಕ್ತಿಭೋಜನ. ಎಲೆ ಕಪ್ಪಾಗಿಸುವ ಆಲ್ಟರ್ನೇರಿಯಾ, ಬೇರು ಕೊಳೆಸುವ ಫೈಟಾಫ್ತೊರಾ ಕೂಡ ಸಾಲು ಹಿಡಿದೇ ನಡೆಯುತ್ತವೆ. ಫೈಟಾಫ್ತೊರಾ ಎಂದರೆ ಅಡಿಕೆಯ ಕೊಳೆರೋಗದ ದಾಯಾದಿ, ಹಾಗಾಗಿ ನನಗೆ ಹಳೇ ಪರಿಚಯ. ಅದಕ್ಕೆ ಇಲ್ಲಿನ ಬಲ್ಲವರು ದರಕು ಸರಿಸಿ, ಬೀಜ ವಿರಳವಾಗಿ ಎರಚಿ, ಮತ್ತೆ ದರಕು ಮುಚ್ಚಿ ಎದ್ದು ಹೋಗುತ್ತಾರೆ. ತಂತಿಬಲೆ ಬೀಜದ ಪೆಟ್ಟಿಗೆಗೆ ಸಾಕು. ಮರದ ಬೇರುಗಳ ನಡುವೆ ಕಾಡಿಗೆಲ್ಲ ಬಲೆ ಹೂಳಲು ಯಾರಿಂದಾಗುತ್ತದೆ? ಅಮ್ಮನಿಗೆ ಫೋನ್ ತಿರುಗಿಸಿ ಇಳಿಜಾರು ತೋರಿಸಿದರೆ ‘ಗಿಡ ಎಲ್ಲಿದೆ?’ ಎಂದು ಕೇಳುತ್ತಾಳೆ. ಅವಳಿಗೆ ಕಾಣಲಿಲ್ಲವೆಂದರೆ ಕೆಲಸ ಚೆನ್ನಾಗಿ ಆಗಿದೆ ಎಂದೇ ಲೆಕ್ಕ.

ಈ ಉಪಾಯ ಕಳ್ಳರಿಗೂ ನಡೆಯುತ್ತದೆ, ಅರ್ಧ. 2014ರಲ್ಲಿ ಟೀವಿಯಲ್ಲಿ ಜಿನ್‌ಸೆಂಗ್ ಬೇಟೆಗಾರರ ಕಾರ್ಯಕ್ರಮವೇ ಬಂದಮೇಲೆ ಗೊತ್ತಿಲ್ಲದವರಿಗೂ ದರ ಗೊತ್ತಾಯಿತು. ಗ್ರೇಟ್ ಸ್ಮೋಕಿ ಬೆಟ್ಟಗಳ ರಾಷ್ಟ್ರೀಯ ಉದ್ಯಾನದಲ್ಲಿ ಕದ್ದ ಬೇರು ಪತ್ತೆಯಾಗಲೆಂದು ನೆಲದೊಳಗಿನ ಬೇರುಗಳಿಗೆ ಬಣ್ಣ ಹಚ್ಚಿಟ್ಟದ್ದುಂಟು. ನಮ್ಮ ಕಡೆ ಶ್ರೀಗಂಧ 2001ರವರೆಗೂ ಸ್ವಂತ ಹಿತ್ತಲಿನಲ್ಲಿ ಹುಟ್ಟಿದರೂ ಸರಕಾರದ್ದಾಗಿತ್ತು; ತಾನಾಗಿ ಮೊಳೆತ ಸಸಿಯನ್ನು ಯಾರೂ ನೋಡುವ ಮುಂಚೆ ಕಿತ್ತೆಸೆದವರ ಕತೆ ಕೇಳುತ್ತ ಬೆಳೆದವಳು ನಾನು. ಇಲ್ಲಿ ನನ್ನ ನೆಲದ್ದು ನನ್ನದೇ, ಆದರೆ ನನ್ನದೆಂದು ಹೇಳಿಕೊಳ್ಳುವಂತಿಲ್ಲ. ‘ಪಾದ್ರಿಗೂ ಹೇಳಬೇಡ, ಅವನಿಗೂ ಬೂಟು ಬೇಕಿರುತ್ತೆ’ ಎಂಬುದು ಮುದುಕನ ಉಪದೇಶ.

ಹಾಗಾಗಿ ಇದನ್ನು ಕನ್ನಡದಲ್ಲಿ ಬರೆದಿದ್ದೇನೆ. ನಮ್ಮ ಕೌಂಟಿಯಲ್ಲಿ ಇದನ್ನು ಓದಬಲ್ಲವರು ನನಗೆ ಗೊತ್ತಿದ್ದ ಮಟ್ಟಿಗೆ ನಮ್ಮ ಮನೆಯಲ್ಲೇ ಇದ್ದಾರೆ, ಅದರಲ್ಲೂ ಒಬ್ಬರು ಹಾವಿಗೆ ಹೆದರಿ ಅತ್ತ ಸುಳಿಯುವುದಿಲ್ಲ. ಪಿಟ್ಸ್‌ಬರ್ಗ್‌ನ ವೆಂಕಟೇಶ್ವರ ದೇವಸ್ಥಾನದ ಊಟದ ಸಾಲಿನಲ್ಲಿ ಮಾತ್ರ ಕಷ್ಟ. ಅಲ್ಲಿ ಶಿವಮೊಗ್ಗದವರೂ ಇರುತ್ತಾರೆ, ಶಿರಸಿಯವರೂ ಇರುತ್ತಾರೆ, ಎಲ್ಲರಿಗೂ ತೋಟವೆಂದರೆ ಕಿವಿ ನೆಟ್ಟಗಾಗುತ್ತದೆ. ‘ಏನೋ ಬೆಳೀತಿದ್ದೀರಂತೆ, ಎಲ್ಲಿ?’ ಎಂದು ಕೇಳಿದವರಿಗೆಲ್ಲ ‘ಏಲಕ್ಕಿ ಹಚ್ಚಿ ನೋಡಿದೆ, ಹಿಮಕ್ಕೆ ಹೋಯ್ತು’ ಎಂದು ಹೇಳಿ ಪುಳಿಯೋಗರೆ ಇನ್ನೊಂದು ಸಲ ಬಡಿಸಿಕೊಳ್ಳುತ್ತೇನೆ.