ಹಿತ್ತಲ ಬಾಗಿಲಿಲ್ಲದ ಮನೆ

ಬದನವಾಳಿನ ನಮ್ಮ ಮನೆಗೆ ಎರಡು ಬಾಗಿಲು. ಮುಂದಿನದು ಬೀದಿಗೆ, ಹಿಂದಿನದು ಹಿತ್ತಲಿಗೆ. ಹಿತ್ತಲ ಬಾಗಿಲಿಗೆ ಯಾರೂ ಮರ್ಯಾದೆ ಕೊಟ್ಟಿದ್ದು ನಾನಂತೂ ನೋಡಿಲ್ಲ. ಬೂದಿ ಚೆಲ್ಲೋಕೆ, ಮುಸುರೆ ಪಾತ್ರೆ ಹೊರಗೆ ಹಾಕೋಕೆ, ಸಾಲ ವಸೂಲಿಗೆ ಬಂದವರ ಕಣ್ಣು ತಪ್ಪಿಸೋಕೆ ಇದ್ದ ಬಾಗಿಲು ಅದು. ನಮ್ಮೂರು ಅಂದ್ರೆ ಬಹಳ ಜನಕ್ಕೆ ಖಾದಿ ಕೇಂದ್ರ ನೆನಪಾಗುತ್ತೆ. 2015ರಲ್ಲಿ ರಂಗಕರ್ಮಿ ಪ್ರಸನ್ನ ಅಲ್ಲಿ ಸತ್ಯಾಗ್ರಹ ಮಾಡಿದ ಮೇಲೆ ಇನ್ನಷ್ಟು ಜನಕ್ಕೆ. ನನಗೆ ನೆನಪಾಗೋದು ನಮ್ಮಜ್ಜಿ. ಹಂಜಿ ಇಟ್ಟ ಮೂಲೆಗೆ ಬುಡ್ಡಿದೀಪ ತಂದರೆ ಸಾಕು, ಬೈಗುಳ ಶುರು. "ಹತ್ತಿಗೆ ಕಿಡಿ ಬಿದ್ರೆ ಹಿತ್ತಲ ಬಾಕ್ಲು ತೆಗೆಯೋ ಅಷ್ಟೂ ಹೊತ್ತಿರಲ್ಲ ಕಣ್ರಲಾ!"

ಈಗ ಅವ್ವ ನಮ್ಮ ಜೊತೆ ಮೈಸೂರಿನಲ್ಲಿದ್ದಾಳೆ. ಆರನೇ ಮಹಡಿಯ ಫ್ಲಾಟು. ಬಂದ ದಿನ ಮನೆಯೆಲ್ಲ ಸುತ್ತಿ ನೋಡಿ ಕೇಳಿದ್ದು ಒಂದೇ ಮಾತು, "ಇದೇನ್ ಮಗ, ಈ ಮನೆಗೆ ಹಿತ್ತಲ ಬಾಕ್ಲೇ ಇಲ್ವಲ್ಲ?" ನಾವೆಲ್ಲ ನಕ್ಕೆವು. ಅವ್ವನಿಗೆ ಮಂಡಿ ನೋವು, ವಾಕರ್ ಹಿಡಿದೇ ಓಡಾಡಬೇಕು. ಬಚ್ಚಲಿನ ಬಾಗಿಲು ಎರಡೂವರೆ ಅಡಿ. ಬಾಗಿಲುವಾಡ ಕಳೆದು ಉಳಿದದ್ದರಲ್ಲಿ ವಾಕರ್ ನೇರವಾಗಿ ಹೋಗಲ್ಲ. ಅದನ್ನ ಅಗಲ ಮಾಡಿಸೋಣ ಅಂತ ಮೇಸ್ತ್ರಿಯನ್ನ ಕರೆಸಿದೆ.

ಗೋಡೆ ಒಡೆಯೋ ಮಾತು ಬಂತು ಅಂದ್ರೆ ಮನೆಮಂದಿಗೆಲ್ಲ ಆಸೆ ಹುಟ್ಟುತ್ತೆ ನೋಡಿ. ನಮ್ಮನೆಯವಳಿಗೆ ಓಪನ್ ಕಿಚನ್ ಬೇಕು. ಮಗಳಿಗೆ ಪ್ಲೈವುಡ್ ಪಾರ್ಟಿಷನ್ ಹಾಕಿ ಓದೋಕೊಂದು ಮೂಲೆ ಬೇಕು. ಮೇಸ್ತ್ರಿ ಎಲ್ಲದಕ್ಕೂ "ಮಾಡನ ಬುಡಿ ಸಾರ್" ಅಂದ. ಹೊರಡುವಾಗ ತಾನೇ ಇನ್ನೊಂದು ಸೇರಿಸಿದ. ಮುಂಬಾಗಿಲಿನ ಹೊರಗೆ, ಕಾರಿಡಾರ್‌ನಲ್ಲಿ ಮೂರಡಿ ಮುಂದಕ್ಕೆ ಒಂದು ಗ್ರಿಲ್ ಗೇಟು. ಚಪ್ಪಲಿ ಸ್ಟ್ಯಾಂಡಿಗೆ ಜಾಗವೂ ಆಯ್ತು, ಹಗಲು ಅಮ್ಮ ಒಬ್ಬರೇ ಇದ್ದಾಗ ಕಳ್ಳರ ಭಯವೂ ಇಲ್ಲ, ಎದುರು ಮನೆಯವರು ಹಾಕ್ಸವ್ರಲ್ಲ ಸಾರ್!

ಗೋಡೆಯ ಮಟ್ಟಿಗೆ ಉತ್ತರ ಬೇಗ ಸಿಕ್ಕಿತು. ಅಸೋಸಿಯೇಷನ್‌ನಲ್ಲಿದ್ದ ನಕ್ಷೆ ಹಿಡಿದು ಒಬ್ಬ ಸ್ಟ್ರಕ್ಚರಲ್ ಇಂಜಿನಿಯರ್‌ಗೆ ತೋರಿಸಿದೆ. ನಮ್ಮದು ಪಿಲ್ಲರ್, ಬೀಮ್ ಮೇಲೆ ನಿಂತ ಕಟ್ಟಡ. ನಡುವಿನ ಬ್ಲಾಕ್ ಗೋಡೆಗಳು ಬರೀ ಮರೆಗೆ. ಬಚ್ಚಲ ಬಾಗಿಲು ಅಗಲ ಮಾಡಬಹುದು, ಹೊಸ ಲಿಂಟಲ್ ಕೂರಿಸಬೇಕು ಅಷ್ಟೇ. ಅಲ್ಯೂಮಿನಿಯಂ ಅಚ್ಚಿಟ್ಟು ಇಡೀ ಗೋಡೆಯನ್ನೇ ಕಾಂಕ್ರೀಟಿನಲ್ಲಿ ಎರಕ ಹೊಯ್ಯುವ ಈಚಿನ ಕಟ್ಟಡಗಳಲ್ಲಿ ಇಷ್ಟಕ್ಕೂ ಅವಕಾಶ ಇಲ್ಲ, ಅಲ್ಲಿ ಗೋಡೆಯೇ ಮನೆಯನ್ನ ಹೊತ್ತಿರುತ್ತೆ. ಬಡಿದು ಸದ್ದು ಕೇಳಿ ಹೇಳ್ತೀನಿ ಅನ್ನೋ ಮೇಸ್ತ್ರಿಗಳನ್ನ ನಂಬಬೇಡಿ.

ಆದರೆ ಬೀಳದ ಗೋಡೆ ಅಂದ ಮಾತ್ರಕ್ಕೆ ಬೇಡದ ಗೋಡೆ ಅಂತಲ್ಲ. ನಮ್ಮ ಫ್ಲಾಟಿನಲ್ಲಿ ಅಡುಗೆಮನೆ ಮುಂಬಾಗಿಲಿನ ಪಕ್ಕದಲ್ಲೇ ಇದೆ, ಮಲಗೋ ಕೋಣೆಗಳು ಹಿಂದೆ. ಗ್ಯಾಸ್ ಹತ್ತಿಕೊಂಡರೆ ಹಿಂದಿನ ಕೋಣೆಯವರು ಅದರ ಮುಂದೆಯೇ ಹಾದು ಹೊರಗೆ ಹೋಗಬೇಕು! ಅಡುಗೆಮನೆಗೆ ಗೋಡೆ, ಮುಚ್ಚೋ ಬಾಗಿಲು ಇದ್ದರೆ ಹೊಗೆ ಕೆಲವು ನಿಮಿಷವಾದರೂ ಅಲ್ಲೇ ನಿಲ್ಲುತ್ತೆ. ಗೋಡೆ ತೆಗೆದರೆ ಹೊಗೆಗೂ ನಮಗೂ ಒಂದೇ ದಾರಿ. ನಾವು ಓಡಿಬಿಡಬಹುದು. ಅವ್ವ?

ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್ ನಿಮಗೆ ನೆನಪಿರಬಹುದು. 2010ರ ಫೆಬ್ರವರಿ 23, ಸತ್ತವರು 9 ಜನ. ಅಲ್ಲಿ ಜನರನ್ನ ಅಟ್ಟಾಡಿಸಿದ್ದು ಬೆಂಕಿಗಿಂತ ಹೆಚ್ಚಾಗಿ ಹೊಗೆ. ವಿದ್ಯುತ್ ತಂತಿಗಳ ಡಕ್ಟ್‌ನಿಂದ ಎದ್ದ ಹೊಗೆ ಮೇಲಿನ ಮಹಡಿಗಳನ್ನ ತುಂಬಿಕೊಂಡಿತು. ಮೆಟ್ಟಿಲ ದಾರಿ ಸಿಗದವರು ಕಿಟಕಿಯಿಂದ ಹಾರಿದರು. ಕೇಬಲ್ಲಿಗೆ ಅಂತ ಗೋಡೆಗೆ ತೂತು ಕೊರೆದು ಹಾಗೇ ಬಿಟ್ಟು ಹೋಗ್ತಾರಲ್ಲ, ಅದನ್ನ ಕಂಡಾಗಲೆಲ್ಲ ನನಗೆ ಇದೇ ನೆನಪು.

ಇಲ್ಲೇ ನನಗೆ ಅವ್ವನ ಪ್ರಶ್ನೆಯ ಉತ್ತರ ಸಿಕ್ಕಿದ್ದು. ಫ್ಲಾಟಿಗೂ ಹಿತ್ತಲ ಬಾಗಿಲು ಇದೆ, ಅದು ಕಾರಿಡಾರ್ ಕೊನೆಯಲ್ಲಿರೋ ಮೆಟ್ಟಿಲಿನ ಫೈರ್ ಡೋರ್. ನಾಲ್ಕು ಮನೆಗೂ ಸೇರಿ ಒಂದೇ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ 4ನೇ ಭಾಗ ಓದಿದರೆ ಅರ್ಧ ಮಾತು ಈ ದಾರಿಯ ಬಗ್ಗೆಯೇ. ದಾರಿ ಕಿರಿದಾಗಬಾರದು, ಅಡ್ಡ ಏನೂ ಇರಬಾರದು, ಹೊರಹೋಗುವ ಬಾಗಿಲು ಬೀಗದಕೈ ಇಲ್ಲದೆ ಒಳಗಿನಿಂದ ತೆಗೆಯುವಂತಿರಬೇಕು. ಫೈರ್ ಡೋರ್ ತಾನಾಗಿಯೇ ಮುಚ್ಚಿಕೊಳ್ಳಬೇಕು. ಅದರ ಅಂಚಿನಲ್ಲಿರೋ ಪಟ್ಟಿ ಕಾವಿಗೆ ಉಬ್ಬಿ ಸಂದನ್ನೆಲ್ಲ ಮುಚ್ಚುತ್ತೆ. ಅಷ್ಟು ದುಡ್ಡು ಕೊಟ್ಟು ತಂದ ಬಾಗಿಲಿಗೆ ನಮ್ಮ ಮಹಡಿಯಲ್ಲಿ ಯಾರೋ ಇಟ್ಟಿಗೆ ಇಟ್ಟು ತೆರೆದಿಡ್ತಾರೆ, ಗಾಳಿ ಬರಲಿ ಅಂತ! ಬೆಳಗ್ಗೆ ನಾನು ಇಟ್ಟಿಗೆ ತೆಗೀತೀನಿ, ಸಂಜೆಗೆ ಅದು ಮತ್ತೆ ಹಾಜರು.

ಲಂಡನ್ನಿನ ಗ್ರೆನ್‌ಫೆಲ್ ಟವರ್‌ನಲ್ಲಿ 2017ರ ಜೂನ್ 14ರಂದು 72 ಜನ ಸತ್ತರಲ್ಲ, ಅಲ್ಲಿ ಹೊರಗೋಡೆಯ ಹೊದಿಕೆಯದೇ ದೊಡ್ಡ ಸುದ್ದಿಯಾಯಿತು. ಆದರೆ ಎಷ್ಟೋ ಫ್ಲಾಟುಗಳ ಮುಂಬಾಗಿಲು ತಾನಾಗಿ ಮುಚ್ಚಿಕೊಳ್ಳದೆ ಹೊಗೆ ಹೊರಗಿನ ಲಾಬಿಗೆ ನುಗ್ಗಿತ್ತು ಅಂತಲೂ ವಿಚಾರಣೆಯಲ್ಲಿ ಬಂತು.

ಗ್ರಿಲ್ ವಿಷಯಕ್ಕೆ ಮನೆಯಲ್ಲಿ ಜಗಳವೇ ಆಯಿತು. ನಮ್ಮನೆಯವಳ ಭಯ ಸುಳ್ಳಲ್ಲ. ಹಗಲೆಲ್ಲ ಅವ್ವ ಒಬ್ಬಳೇ ಇರ್ತಾಳೆ, ಯಾರು ಬೆಲ್ ಹೊಡೆದರೂ ಬಾಗಿಲು ತೆಗೆದು "ಬನ್ನಿ ಕೂತ್ಕಳಿ" ಅಂತಾಳೆ. ಕಳ್ಳ ಬರೋ ಸಾಧ್ಯತೆ ಬೆಂಕಿ ಬೀಳೋದಕ್ಕಿಂತ ಜಾಸ್ತಿ ಅಂತ ಅವಳ ವಾದ. ನಾನು ವಾದ ಮಾಡಲಿಲ್ಲ. ಬೆಂಗಳೂರಿನ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟಿನಲ್ಲಿ 2021ರ ಸೆಪ್ಟೆಂಬರ್ 21ರಂದು ನಡೆದದ್ದನ್ನ ನೆನಪಿಸಿದೆ. ತಾಯಿ, ಮಗಳು ಇಬ್ಬರೂ ಹೋದರು. ಬಾಲ್ಕನಿಯ ಗ್ರಿಲ್ ಹಿಂದೆ ಸಿಕ್ಕಿಕೊಂಡು ಕೂಗುತ್ತಿದ್ದ ಹೆಂಗಸಿನ ವಿಡಿಯೋ ಅವಳೂ ನೋಡಿದ್ದಳು. ಆಮೇಲೆ ಅವಳು ಮಾತಾಡಲಿಲ್ಲ, ನಾನೂ ಗೆದ್ದೆ ಅಂದುಕೊಳ್ಳಲಿಲ್ಲ.

ಕೊನೆಗೆ ಆಗಿದ್ದು ಇಷ್ಟು. ಬಚ್ಚಲ ಬಾಗಿಲು ಮೂರಡಿಯಾಯಿತು. ಬಡಗಿ ಹೇಳಿದ ಪಿವಿಸಿ ಬಾಗಿಲು ಬೇಡ ಅಂದೆ, ಬೆಂಕಿಗೆ ಕರಗಿ ವಿಷದ ಹೊಗೆ ಬಿಡೋ ವಸ್ತು ಅದು. ಅಡುಗೆಮನೆ ಗೋಡೆ ಹಾಗೇ ಇದೆ, ಅದಕ್ಕೊಂದು ಬಾಗಿಲೂ ಬಂತು. ಮಗಳ ಪ್ಲೈವುಡ್ ಮೂಲೆಗೆ ಬದಲು ಕಿಟಕಿ ಹತ್ತಿರ ಮೇಜು. ಮುಂಬಾಗಿಲಿಗೆ ಇಣುಕು ಕಿಂಡಿ, ಚೈನು, ಒಳಗಿನಿಂದ ಕೀಲಿ ಇಲ್ಲದೆ ತಿರುಗೋ ಲಾಕ್. ಬಾಲ್ಕನಿಯಲ್ಲಿ ಮೊದಲೇ ಇದ್ದ ಗ್ರಿಲ್ಲಿಗೆ ತೆರೆಯೋ ಹಾಗೆ ಒಂದು ಭಾಗ ಕತ್ತರಿಸಿ ಕೀಲು ಹಾಕಿಸಿದೆ.

ಒಂದು ಭಾನುವಾರ ಅವ್ವನ ಮಂಚದಿಂದ ಮೆಟ್ಟಿಲ ಬಾಗಿಲಿನವರೆಗೆ ನಡೆಸಿ ನೋಡಿದೆವು. ಬೆಂಕಿ ಬಿದ್ದಾಗ ಲಿಫ್ಟ್ ಹತ್ತೋ ಹಾಗಿಲ್ಲವಲ್ಲ. ಮೂರು ನಿಮಿಷ ಹಿಡಿಯಿತು. ಅದರಲ್ಲಿ ಒಂದು ನಿಮಿಷ ಎದುರು ಮನೆಯವರ ಗ್ರಿಲ್ಲು, ಅದರ ಹೊರಗಿನ ಚಪ್ಪಲಿ ಸ್ಟ್ಯಾಂಡು ಸುತ್ತಿಕೊಂಡು ವಾಕರ್ ತಿರುಗಿಸೋಕೇ ಹೋಯ್ತು. ಎದುರು ಮನೆಯವರು ಒಳ್ಳೆಯವರೇ, ಅವ್ವನಿಗೆ ದಿನಾ ಹೂ ಕೊಡ್ತಾರೆ. ಗ್ರಿಲ್ ತೆಗೀರಿ ಅಂತ ಅವರಿಗೆ ಹೇಗೆ ಹೇಳೋದು ಅಂತ ಹದಿನೈದು ದಿನದಿಂದ ಯೋಚಿಸ್ತಾ ಇದೀನಿ. ಬರೋ ಭಾನುವಾರ ಅಸೋಸಿಯೇಷನ್ ಮೀಟಿಂಗು. ಅವ್ವ ತಾನೂ ಬರ್ತೀನಿ ಅಂದಿದ್ದಾಳೆ, ವಾಕರ್ ಸಮೇತ.