ಹೋಗಿ ಬರ್ತೀವಿ

ಹೊಸೂರಿನ ಮನೆಗಳಲ್ಲಿ ಹೊರಗೆ ಹೊರಡುವವರು ಮೂರು ಭಾಷೆಗಳಲ್ಲಿ ಒಂದೇ ಮಾತು ಹೇಳುತ್ತಾರೆ. ಕನ್ನಡದವರು ‘ಹೋಗಿ ಬರ್ತೀನಿ’ ಎನ್ನುತ್ತಾರೆ. ತಮಿಳಿನವರು ‘ಪೋಯಿಟ್ಟು ವರೇನ್’ ಎನ್ನುತ್ತಾರೆ. ತೆಲುಗಿನವರು ‘ವೆಳ್ಳೊಸ್ತಾನು’ ಎನ್ನುತ್ತಾರೆ. ಬರೀ ‘ಹೋಗ್ತೀನಿ’ ಎಂದು ಹೊರಟರೆ ಹಿರಿಯರು ಗದರಿಸುತ್ತಾರೆ. ಬಾಗಲೂರು, ಬೇರಿಗೆ, ತಳಿ, ಡೆಂಕಣಿಕೋಟೆಗಳ ಕಡೆ ಇಂದಿಗೂ ಈ ಮೂರು ಭಾಷೆಗಳು ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಭಾಷೆ ಯಾವುದಾದರೂ ಹೋಗುವ ಮಾತಿನೊಳಗೇ ಬರುವ ಮಾತೂ ಇರಬೇಕು.

2025ರ ಜುಲೈ 26, ಶನಿವಾರ. ನಮ್ಮ ಧರ್ಮಕೇಂದ್ರದ ಮೂರು ಕುಟುಂಬಗಳು ಒಂದು ಬಾಡಿಗೆ ವ್ಯಾನು ಮಾಡಿಕೊಂಡು ಬೆಂಗಳೂರಿನಿಂದ ಹೊಸೂರು, ಕೃಷ್ಣಗಿರಿ ಕಡೆಗೆ ಹೊರಟೆವು. ಹೊಸೂರಿನಲ್ಲಿ ನಮ್ಮ ಅಜ್ಜಿಯನ್ನು ನೋಡುವುದು, ಕೃಷ್ಣಗಿರಿಯ ಕೋಟೆ ಹತ್ತುವುದು, ಸಂಜೆ ಮಾವಿನಹಣ್ಣು ಕೊಂಡು ಹಿಂದಿರುಗುವುದು, ಇಷ್ಟೇ ನಮ್ಮ ಯೋಜನೆ. ಗುರುಗಳೂ ಜೊತೆಗೆ ಬಂದಿದ್ದರು. ಆದರೆ ಆ ದಿನವೆಲ್ಲ ನಾವು ಮಾತಾಡಿದ್ದು ರಾಕೆಟ್ಟುಗಳ ವಿಷಯ!

ಅದಕ್ಕೆ ಕಾರಣ ಇಬ್ಬರು. ಒಬ್ಬ ಪಿಯುಸಿ ಓದುತ್ತಿರುವ ನಮ್ಮ ಮನೆಯ ಹುಡುಗ. ಇನ್ನೊಬ್ಬರು ಹೊಸೂರಿನ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾದ ದೊಡ್ಡಪ್ಪ. ಅದಕ್ಕೆ ಹನ್ನೊಂದು ದಿನ ಹಿಂದೆ, ಜುಲೈ 15ರಂದು, ನಮ್ಮ ವಾಯುಪಡೆಯ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದಿಂದ ಹಿಂದಿರುಗಿ ಅಮೆರಿಕದ ಸ್ಯಾನ್ ಡಿಯಾಗೋ ಬಳಿಯ ಸಮುದ್ರದಲ್ಲಿ ಇಳಿದಿದ್ದರು. 1984ರ ಏಪ್ರಿಲಿನಲ್ಲಿ ರಾಕೇಶ್ ಶರ್ಮಾ ಹೋಗಿ ಬಂದ ಮೇಲೆ ಅಂತರಿಕ್ಷಕ್ಕೆ ಹೋದ ಎರಡನೆಯ ಭಾರತೀಯ ವಾಯುಪಡೆ ಅಧಿಕಾರಿ ಅವರು. ಟಿವಿಯಲ್ಲಿ ಲಖನೌದಲ್ಲಿದ್ದ ಅವರ ತಾಯಿ ಕಣ್ಣೊರೆಸಿಕೊಳ್ಳುವುದನ್ನು ನೋಡಿ ನಾವೂ ಕಣ್ಣೊರೆಸಿಕೊಂಡಿದ್ದೆವು.

ಅತ್ತಿಬೆಲೆಯ ಹತ್ತಿರ ವ್ಯಾನು ಲಾರಿಗಳ ನಡುವೆ ಸಿಕ್ಕಿಹಾಕಿಕೊಂಡಿತು. ಹುಡುಗ ಸುಮ್ಮನಿರದೆ ಲೆಕ್ಕ ಹಾಕಿದ. ಭೂಮಿಯಿಂದ 400 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ನೌಕೆಯ ವೇಗ ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಹೆಚ್ಚು. ಬೆಂಗಳೂರಿನಿಂದ ಕೃಷ್ಣಗಿರಿಗೆ ಸುಮಾರು 90 ಕಿಲೋಮೀಟರ್. “ಹನ್ನೆರಡು ಸೆಕೆಂಡು ಸಾಕು ದೊಡ್ಡಪ್ಪ” ಎಂದ. “ನಮಗೆ ಅತ್ತಿಬೆಲೆ ದಾಟೋಕೇ ಅರ್ಧ ಗಂಟೆ ಆಯ್ತಲ್ಲೋ” ಎಂದು ದೊಡ್ಡಪ್ಪ ನಕ್ಕರು.

ಅಜ್ಜಿ ಜೊತೆಗೂಡಿದರು

ಹೊಸೂರಿನಲ್ಲಿ ಇಡ್ಲಿ ತಿಂದು, ಅಜ್ಜಿಯನ್ನು ವ್ಯಾನಿನಲ್ಲಿ ಮುಂದಿನ ಸೀಟಿನಲ್ಲಿ ಕೂರಿಸಿದೆವು. ಅಜ್ಜಿಗೆ ಎಂಬತ್ತು ದಾಟಿದೆ. ಹೊಸೂರಿಗೆ ಕಾರ್ಖಾನೆಗಳು ಬರುವ ಮೊದಲಿನಿಂದ ಅಲ್ಲೇ ಇದ್ದಾರೆ. ತಾತ ಹೊಸೂರಿನಿಂದ ಸೇಲಂಗೆ ಲಾರಿ ಓಡಿಸುತ್ತಿದ್ದರು. ಒಂದು ರಾತ್ರಿ ಹೋದವರು ಬರಲಿಲ್ಲ. ಆಗ ದೊಡ್ಡಪ್ಪನಿಗೆ ಹತ್ತು ವರ್ಷ. ಅಂದಿನಿಂದ ಅಜ್ಜಿ ಯಾರನ್ನೂ ‘ಎಲ್ಲಿಗೆ ಹೋಗ್ತೀಯ’ ಎಂದು ಕೇಳುವುದಿಲ್ಲ. ‘ಎಷ್ಟೊತ್ತಿಗೆ ಬರ್ತೀಯ’ ಎಂದೇ ಕೇಳುತ್ತಾರೆ.

ಶೂಲಗಿರಿಯ ಬೆಟ್ಟಗಳನ್ನು ದಾಟಿ ಕೃಷ್ಣಗಿರಿ ತಲುಪಿದೆವು. ಧರ್ಮಪುರಿಯಿಂದ ಬೇರ್ಪಟ್ಟು 2004ರಲ್ಲಿ ಇದು ಸ್ವತಂತ್ರ ಜಿಲ್ಲೆಯಾಯಿತು. ಮೊದಲು ಅಲ್ಲಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋದೆವು. ಈ ಸೀಮೆ ವೀರಗಲ್ಲುಗಳ ಸೀಮೆ. ತಮಿಳಿನಲ್ಲಿ ಇದಕ್ಕೆ ‘ನಡುಕಲ್’ ಎನ್ನುತ್ತಾರೆ. ದನ ಕಾಯಲು ಹೋಗಿ, ಊರು ಕಾಯಲು ಹೋಗಿ ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲುಗಳು. ಇಂಥ ಕಲ್ಲುಗಳು ನಮ್ಮ ಕರ್ನಾಟಕದಲ್ಲೂ ಬೇಕಾದಷ್ಟಿವೆ. ಅವುಗಳಲ್ಲಿ ಸಾಮಾನ್ಯವಾಗಿ ಕೆಳಗೆ ಕಾಳಗ, ನಡುವೆ ವೀರನನ್ನು ಅಪ್ಸರೆಯರು ಆಕಾಶಕ್ಕೆ ಕರೆದೊಯ್ಯುವ ಚಿತ್ರ, ಮೇಲೆ ದೇವರ ಸನ್ನಿಧಿ ಇರುತ್ತದೆ. ದೊಡ್ಡಪ್ಪ ಇದನ್ನು ವಿವರಿಸಿದಾಗ ಅಜ್ಜಿ ಕೈಯಲ್ಲಿ ಜಪಸರ ಹಿಡಿದುಕೊಂಡೇ, “ಹತ್ತಿಸ್ಕೊಂಡು ಹೋಗ್ತಾರೆ ಸರಿ. ಇಳಿಸ್ಕೊಂಡು ಬರೋರು ಯಾರು?” ಎಂದರು. ನಾವು ನಕ್ಕೆವು. ಅಜ್ಜಿ ನಗಲಿಲ್ಲ.

ಕೋಟೆಯ ಮೇಲೆ

ಅಜ್ಜಿಯನ್ನೂ ಚಿಕ್ಕ ಮಕ್ಕಳನ್ನೂ ಕೆಳಗೆ ನೆರಳಲ್ಲಿ ಬಿಟ್ಟು ಉಳಿದವರು ಕೋಟೆ ಹತ್ತಿದೆವು. ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು, ಕಡಿದಾದ ದಾರಿ, ನಡುನಡುವೆ ಮುರಿದ ಗೋಡೆಗಳು, ಮೇಲೆ ಮಳೆನೀರಿನ ಹೊಂಡಗಳು ಮತ್ತು ಒಂದು ದರ್ಗಾ. ಜುಲೈ ಗಾಳಿ ಜೋರಾಗಿತ್ತು. ಹನ್ನೆರಡು ಕೋಟೆಗಳ ಸೀಮೆ ಎಂದು ಹೆಸರಾದ ಬಾರಾಮಹಲಿನಲ್ಲಿ ಇದೇ ಬಲವಾದ ಕೋಟೆ. ವಿಜಯನಗರದವರ ಕಾಲದ ಈ ಕೋಟೆ ಮುಂದೆ ಹೈದರಾಲಿ ಮತ್ತು ಟಿಪ್ಪುವಿನ ಕೈಯಲ್ಲಿತ್ತು. 1791ರ ನವೆಂಬರಿನಲ್ಲಿ ಕಂಪನಿಯ ಸೈನ್ಯ ರಾತ್ರಿ ದಾಳಿ ಮಾಡಿ, ಮೇಲಿನ ಕೋಟೆಯನ್ನು ಹಿಡಿಯಲಾಗದೆ ಹಿಂದಿರುಗಿತು. 1792ರ ಒಪ್ಪಂದದಲ್ಲಿ ಬಾರಾಮಹಲ್ ಕಂಪನಿಗೆ ಸೇರಿತು.

“ರಾಕೆಟ್ ಚರಿತ್ರೆ ಬೇಕಾದ್ರೆ ಥುಂಬಾಗೆ ಹೋಗ್ಬೇಕಾಗಿಲ್ಲ, ಇಲ್ಲೇ ಇದೆ” ಎಂದು ದೊಡ್ಡಪ್ಪ ಶುರು ಮಾಡಿದರು. ಹೈದರಾಲಿ ಹುಟ್ಟಿದ ಬೂದಿಕೋಟೆ ಇಲ್ಲಿಂದ ದೂರವಿಲ್ಲ. ಗಡಿಯಾಚೆ ಬಂಗಾರಪೇಟೆ ತಾಲೂಕಿನಲ್ಲಿದೆ. ಅವನ ತಂದೆಯೇ ರಾಕೆಟ್ ಎಸೆಯುವವರ ಒಂದು ಪಡೆಯ ನಾಯಕನಾಗಿದ್ದನೆಂದು ಇತಿಹಾಸಕಾರರು ಬರೆದಿದ್ದಾರೆ. ಮೈಸೂರಿನವರ ಹೆಚ್ಚುಗಾರಿಕೆ ಇದ್ದದ್ದು ಕಬ್ಬಿಣದ ಕೊಳವೆಯಲ್ಲಿ. ಕಾಗದದ ಕೊಳವೆ ಹೆಚ್ಚು ಒತ್ತಡ ತಡೆಯದೆ ಒಡೆಯುತ್ತದೆ. ಕಬ್ಬಿಣ ತಡೆಯುತ್ತದೆ. ಆದ್ದರಿಂದ ಮದ್ದಿನ ಬಲವೆಲ್ಲ ಹಿಂದಿನ ಬಾಯಿಂದಲೇ ನುಗ್ಗಿ ರಾಕೆಟ್ ದೂರ ಹೋಗುತ್ತದೆ. ಅದಕ್ಕೆ ಉದ್ದನೆಯ ಬಿದಿರು ಕಟ್ಟಿ ಹಾರಿಸುತ್ತಿದ್ದರು. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರ ಪೊಲ್ಲಿಲೂರಿನಲ್ಲಿ ಇಂಗ್ಲಿಷರು ಸೋತಾಗ ಈ ರಾಕೆಟ್ಟುಗಳೂ ಅಲ್ಲಿದ್ದವು. ಮುಂದೆ ಇಂಗ್ಲೆಂಡಿನಲ್ಲಿ ವಿಲಿಯಂ ಕಾಂಗ್ರೀವ್ ಇವನ್ನು ನೋಡಿಯೇ ತನ್ನ ರಾಕೆಟ್ಟುಗಳನ್ನು ಮಾಡಿದ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಒಂದು ಹಾಳುಬಾವಿಯ ಕೆಸರಿನಿಂದ ಸಾವಿರಕ್ಕೂ ಹೆಚ್ಚು ಹಳೆಯ ರಾಕೆಟ್ಟುಗಳು ಸಿಕ್ಕಿದ್ದನ್ನು ನೀವೂ ಪತ್ರಿಕೆಗಳಲ್ಲಿ ಓದಿರಬಹುದು.

ನಮ್ಮ ಜೊತೆ ಮಂಗಳೂರಿನ ಕಡೆಯ ಕುಟುಂಬವೊಂದಿತ್ತು. ಅವರು ಮೆಲ್ಲಗೆ ಇನ್ನೊಂದು ವಿಷಯ ನೆನಪಿಸಿದರು. 1784ರಲ್ಲಿ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದದ್ದೂ ಇದೇ ಟಿಪ್ಪುವಿನ ಆಳ್ವಿಕೆಯಲ್ಲೇ. ಹೋದವರಲ್ಲಿ ಬಹಳ ಮಂದಿ ಹಿಂದಿರುಗಲಿಲ್ಲ. ಅವರ ಮನೆಯಲ್ಲಿ ಅಜ್ಜಂದಿರ ಬಾಯಿಂದ ಬಾಯಿಗೆ ಆ ಕಥೆ ಬಂದಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಒಂದೇ ಕಾಲದ ಎರಡೂ ನೆನಪುಗಳು ನಮ್ಮವೇ. ಒಂದನ್ನು ಹೇಳಿ ಒಂದನ್ನು ಬಿಡುವುದು ಸರಿಯಲ್ಲ ಎನಿಸಿತು.

ಆಮೇಲೆ ಹುಡುಗ ಹೇಳಿದ: “ಆ ರಾಕೆಟ್ ಹೋಗೋಕೆ ಮಾತ್ರ ಮಾಡಿದ್ದು ದೊಡ್ಡಪ್ಪ. ಈಗಿನದರಲ್ಲಿ ಕಷ್ಟ ಇರೋದೇ ವಾಪಸ್ ತರೋದ್ರಲ್ಲಿ.”

ಅಣೆಕಟ್ಟಿನ ನೆರಳಲ್ಲಿ

ಊಟಕ್ಕೆ ಕೃಷ್ಣಗಿರಿ ಅಣೆಕಟ್ಟಿನ ಉದ್ಯಾನಕ್ಕೆ ಹೋದೆವು. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿದ ದಕ್ಷಿಣ ಪಿನಾಕಿನಿ ಹೊಸೂರಿನ ಮಗ್ಗುಲಲ್ಲಿ ಹರಿದು ಇಲ್ಲಿ ನಿಲ್ಲುತ್ತದೆ. ಚಿತ್ರಾನ್ನ, ಮೊಸರನ್ನದ ಡಬ್ಬಿಗಳು ಬಿಚ್ಚಿದವು. ಜೊತೆಗೆ ಗಗನಯಾನದ ಚರ್ಚೆಯೂ ಬಿಚ್ಚಿತು.

2018ರ ಆಗಸ್ಟ್ 15ರಂದು ಪ್ರಕಟವಾದ ಈ ಯೋಜನೆಗಾಗಿ 2019ರಲ್ಲಿ ನಮ್ಮ ಬೆಂಗಳೂರಿನಲ್ಲೇ ಮಾನವ ಅಂತರಿಕ್ಷಯಾನ ಕೇಂದ್ರ ತೆರೆಯಿತು. ಮೂವರನ್ನು 400 ಕಿಲೋಮೀಟರ್ ಎತ್ತರಕ್ಕೆ ಕಳುಹಿಸಿ, ಮೂರು ದಿನ ಇರಿಸಿ, ಸಮುದ್ರದಲ್ಲಿ ಇಳಿಸುವುದು ಗುರಿ. ಹೊರುವುದು ಎಲ್‌ವಿಎಂ-3 ರಾಕೆಟ್. ಚಂದ್ರಯಾನ-3ನ್ನು 2023ರ ಜುಲೈ 14ರಂದು ಎತ್ತಿಕೊಂಡು ಹೋದದ್ದೂ ಇದೇ. ಇದರ ತೂಕ ಸುಮಾರು 640 ಟನ್. ಹದಿನಾರು ಟನ್ನಿನ ಲೆಕ್ಕದಲ್ಲಿ ನಲವತ್ತು ಲೋಡು ಲಾರಿಗಳಷ್ಟು.

ದೊಡ್ಡಪ್ಪನಿಗೆ ಒಂದು ಅಸಮಾಧಾನ. ಅಮೆರಿಕದವರ ಷಟಲ್‌ನಂತೆ ರೆಕ್ಕೆ ಇಟ್ಟು ವಿಮಾನದ ಹಾಗೆ ಇಳಿಸಬಾರದೇ, ಗಂಟೆಯ ಆಕಾರದ ಈ ಡಬ್ಬಿ ಏಕೆ? ಹುಡುಗ ಚಿತ್ರಾನ್ನದ ಡಬ್ಬಿಯನ್ನು ನೀರಿನ ಬಾಟಲಿಯ ಮೇಲಿಟ್ಟು ತೋರಿಸಿದ. ಷಟಲ್ ರಾಕೆಟ್ಟಿನ ಪಕ್ಕದಲ್ಲಿ ಅಂಟಿಕೊಂಡಿರುತ್ತಿತ್ತು. ಏನಾದರೂ ಆದರೆ ಬಿಡಿಸಿಕೊಂಡು ಓಡಲು ದಾರಿ ಇರಲಿಲ್ಲ. 1981ರಿಂದ 2011ರವರೆಗೆ 135 ಸಲ ಹಾರಿದ ಷಟಲ್‌ಗಳಲ್ಲಿ ಎರಡು ನಾಶವಾಗಿ 14 ಮಂದಿ ಸತ್ತರು. 1986ರಲ್ಲಿ ಚಾಲೆಂಜರ್ ಮೇಲೇರುವಾಗ ನಾಶವಾಯಿತು. 2003ರ ಫೆಬ್ರವರಿ 1ರಂದು ನಮ್ಮ ಕರ್ನಾಲಿನ ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯ ಹಿಂದಿರುಗುವಾಗ ಚೂರಾಯಿತು. ಡಬ್ಬಿಯಾದರೆ ರಾಕೆಟ್ಟಿನ ನೆತ್ತಿಯ ಮೇಲಿರುತ್ತದೆ. ಅದರ ಮೇಲೆ ಇನ್ನೊಂದು ಚಿಕ್ಕ ರಾಕೆಟ್ ಗೋಪುರ. ಕೆಳಗೆ ಬೆಂಕಿ ಬಿದ್ದರೆ ಅದು ಡಬ್ಬಿಯನ್ನು ಎಳೆದುಕೊಂಡು ದೂರ ಓಡುತ್ತದೆ. 1983ರ ಸೆಪ್ಟೆಂಬರ್ 26ರಂದು ರಷ್ಯದ ರಾಕೆಟ್ ನೆಲದ ಮೇಲೇ ಹೊತ್ತಿಕೊಂಡಾಗ ತಿತೋವ್ ಮತ್ತು ಸ್ತ್ರೆಕಾಲೋವ್ ಎಂಬ ಇಬ್ಬರು ಉಳಿದುಕೊಂಡದ್ದು ಇಂಥ ಗೋಪುರದಿಂದಲೇ.

ಅಷ್ಟು ಹೊತ್ತು ಸುಮ್ಮನೆ ಕೇಳುತ್ತಿದ್ದ ಅಜ್ಜಿ ಕೇಳಿದರು: “ನಮ್ಮೋರು ಇದನ್ನ ಮಾಡಿ ನೋಡವ್ರಾ?”

“ನೋಡವ್ರೆ ಅಜ್ಜಿ” ಎಂದು ಹುಡುಗ ಹತ್ತಿರ ಸರಿದು ಕೂತ. 2018ರ ಜುಲೈ 5ರಂದು ಶ್ರೀಹರಿಕೋಟದಲ್ಲಿ ಮೊದಲ ಪರೀಕ್ಷೆ. ಖಾಲಿ ಡಬ್ಬಿ 2.7 ಕಿಲೋಮೀಟರ್ ಎತ್ತರಕ್ಕೆ ಹೋಗಿ, ಪ್ಯಾರಾಷೂಟ್ ಬಿಚ್ಚಿಕೊಂಡು ಸಮುದ್ರಕ್ಕಿಳಿಯಿತು. ಎಲ್ಲ ಸೇರಿ 259 ಸೆಕೆಂಡು. 2023ರ ಅಕ್ಟೋಬರ್ 21ರಂದು ಎರಡನೆಯದು. ಆ ದಿನ ಹವೆ ಸರಿಯಿಲ್ಲವೆಂದು ತಡವಾಯಿತು. ಆಮೇಲೆ ಹಾರಲು ಐದೇ ಸೆಕೆಂಡು ಇರುವಾಗ ಕಂಪ್ಯೂಟರ್ ತಾನೇ ನಿಲ್ಲಿಸಿತು. ತಪ್ಪು ಹುಡುಕಿ ಸರಿಪಡಿಸಿ ಹತ್ತು ಗಂಟೆಗೆ ಹಾರಿಸಿದರು. ಡಬ್ಬಿ ಸುಮಾರು 17 ಕಿಲೋಮೀಟರ್ ಮೇಲಿಂದ ಬಂದು ನೀರಿಗೆ ಬಿತ್ತು. ನೌಕಾಪಡೆಯವರು ಹೋಗಿ ತಂದರು.

“ಆದ್ರೆ ಅಜ್ಜಿ, ನೀರಲ್ಲಿ ತಲೆಕೆಳಗಾಗಿ ತೇಲ್ತಿತ್ತು” ಎಂದು ಹುಡುಗ ಅದನ್ನೂ ಹೇಳಿದ. ಮುಚ್ಚಿಡದೆ ಹೇಳಿದ್ದು ನಮಗೆ ಹಿಡಿಸಿತು. ಡಬ್ಬಿಯನ್ನು ನೆಟ್ಟಗೆ ನಿಲ್ಲಿಸುವ ಗಾಳಿಚೀಲಗಳ ಏರ್ಪಾಡು ಇರುತ್ತದೆ ಎಂದೂ ಸೇರಿಸಿದ. ಅಂತರಿಕ್ಷದಿಂದ ಬರುವಾಗ ವೇಗದ ಬಹುಪಾಲನ್ನು ಗಾಳಿಯೇ ಉಜ್ಜಿ ಕಳೆಯುತ್ತದೆ, ಆ ಬೆಂಕಿಯನ್ನು ತಡೆಯಲು ಡಬ್ಬಿಯ ತಳಕ್ಕೆ ಕವಚ, ಕೊನೆಯ ಘಟ್ಟಕ್ಕೆ ಹತ್ತು ಪ್ಯಾರಾಷೂಟ್‌ಗಳು ಎಂದು ವಿವರಿಸಿದ.

“ಹತ್ತೂ ಬಿಚ್ಕೊಳ್ಬೇಕಾ?” ಎಂದರು ಅಜ್ಜಿ.

“ಎಲ್ಲ ಒಟ್ಟಿಗೆ ಅಲ್ಲ ಅಜ್ಜಿ, ಒಂದಾದ ಮೇಲೊಂದು. ಕೊನೇಲಿ ದೊಡ್ಡವು ಮೂರು. ಅದರಲ್ಲಿ ಒಂದು ಕೈಕೊಟ್ರೂ ಎರಡು ಸಾಕು.”

ಆಗ ಅವನ ತಾಯಿ, ಅಷ್ಟು ಹೊತ್ತು ತಟ್ಟೆ ಜೋಡಿಸುತ್ತಿದ್ದವರು, ಹೇಳಿಯೇ ಬಿಟ್ಟರು. ಮಗ ವಾಯುಪಡೆಗೆ ಸೇರಬೇಕೆಂದು ಹಟ ಹಿಡಿದಿದ್ದಾನೆ. ತಮಗೆ ಒಪ್ಪಿಗೆಯಿಲ್ಲ. ಒಬ್ಬನೇ ಮಗ. ಎಲ್ಲರೂ ಅಜ್ಜಿಯ ಮುಖ ನೋಡಿದೆವು. ಬೇಡ ಎಂದೇ ಹೇಳುತ್ತಾರೆ ಎಂದುಕೊಂಡೆವು. ಅಜ್ಜಿ ಸ್ವಲ್ಪ ಯೋಚಿಸಿ, “ನಿಮ್ಮ ತಾತನ ಲಾರಿ ಬ್ರೇಕ್ ಸರಿಯಿಲ್ಲ ಅಂತ ಎಲ್ರಿಗೂ ಗೊತ್ತಿತ್ತು. ಯಾರೂ ನಿಲ್ಲಿಸ್ಲಿಲ್ಲ. ಐದು ಸೆಕೆಂಡು ಇದ್ದಾಗ್ಲೂ ನಿಲ್ಲಿಸೋರ ಹತ್ರ ಹೋದ್ರೆ ಹೋಗ್ಲಿ ಬಿಡಮ್ಮ” ಎಂದರು. ದೊಡ್ಡಪ್ಪ ಎದ್ದು ಅಣೆಕಟ್ಟಿನ ಕಡೆ ನಡೆದು ಹೋದರು. ಅವರು ಬ್ರೇಕಿನ ವಿಷಯ ಕೇಳಿದ್ದು ಅದೇ ಮೊದಲಂತೆ.

ಥುಂಬಾದ ದೇವಾಲಯ

ಮಾತು ತಿಳಿಯಾಗಲೆಂದು ಗುರುಗಳು ಒಂದು ಸಂಗತಿ ಹೇಳಿದರು. ನಾಲ್ಕು ದಿನ ಹಿಂದೆ, ಜುಲೈ 22, ಸಂತ ಮಗ್ದಲದ ಮರಿಯಳ ಹಬ್ಬವಿತ್ತು. ಕೇರಳದ ಥುಂಬಾದಲ್ಲಿ ಆಕೆಯ ಹೆಸರಿನ ದೇವಾಲಯವಿತ್ತು. ಸುತ್ತ ಮೀನುಗಾರರ ಮನೆಗಳು. ಭೂಮಿಯ ಕಾಂತೀಯ ಸಮಭಾಜಕ ರೇಖೆ ಅಲ್ಲಿಗೆ ಹತ್ತಿರವಾದ್ದರಿಂದ 1960ರ ದಶಕದ ಆರಂಭದಲ್ಲಿ ವಿಕ್ರಂ ಸಾರಾಭಾಯಿ ಅವರಿಗೆ ಅದೇ ಜಾಗ ಬೇಕಾಯಿತು. ಅವರು ತಿರುವನಂತಪುರದ ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಅವರನ್ನು ಕಂಡರು. ಬಿಷಪರು ತಾವೇ ತೀರ್ಮಾನಿಸದೆ ಭಾನುವಾರದ ಪೂಜೆಯಲ್ಲಿ ಜನರನ್ನೇ ಕೇಳಿದರೆಂದು, ಜನ ಆಮೆನ್ ಎಂದರೆಂದು ಅಬ್ದುಲ್ ಕಲಾಂ ಹೇಳುತ್ತಿದ್ದರು. ಆ ಜನ ಮನೆ ಬಿಟ್ಟು ಬೇರೆ ಕಡೆ ಹೋದರು. ದೇವಾಲಯವೇ ವಿಜ್ಞಾನಿಗಳ ಮೊದಲ ಕಚೇರಿಯಾಯಿತು. 1963ರ ನವೆಂಬರ್ 21ರಂದು ಅಲ್ಲಿಂದ ಮೊದಲ ರಾಕೆಟ್ ಹಾರಿತು. ಆ ಕಟ್ಟಡ ಇಂದು ಅಂತರಿಕ್ಷ ವಸ್ತುಸಂಗ್ರಹಾಲಯ. ಅದೇ ಥುಂಬಾದ ಕೇಂದ್ರದಲ್ಲಿ 2024ರ ಫೆಬ್ರವರಿ 27ರಂದು ಗಗನಯಾನದ ನಾಲ್ವರ ಹೆಸರು ಪ್ರಕಟವಾಯಿತು: ಪ್ರಶಾಂತ್ ಬಾಲಕೃಷ್ಣನ್ ನಾಯರ್, ಅಜಿತ್ ಕೃಷ್ಣನ್, ಅಂಗದ್ ಪ್ರತಾಪ್, ಶುಭಾಂಶು ಶುಕ್ಲಾ.

ಮನೆ ಬಿಟ್ಟುಕೊಟ್ಟ ಆ ಮೀನುಗಾರರ ಹೆಸರುಗಳನ್ನು ಯಾರೂ ಓದುವುದಿಲ್ಲ ಎಂದು ಗುರುಗಳು ಹೇಳಿದಾಗ, ಬೆಳಿಗ್ಗೆ ಕಂಡ ವೀರಗಲ್ಲುಗಳು ನಮಗೆ ನೆನಪಾದವು.

ಸಂಜೆ ಹೆದ್ದಾರಿಯ ಪಕ್ಕದಲ್ಲಿ ಮಾವು ಕೊಂಡೆವು. ನಾವು ತೋತಾಪುರಿ ಎನ್ನುವ ಹಣ್ಣಿಗೆ ಅಲ್ಲಿ ‘ಬೆಂಗಳೂರಾ’ ಎನ್ನುತ್ತಾರೆ. ಕೋಟೆಗೆ ಹೋಗುವವರು ಬೆಳಿಗ್ಗೆ ಬೇಗ ಹತ್ತಿ, ಕುಡಿಯುವ ನೀರು ಕೊಂಡೊಯ್ಯಿರಿ. ಮಳೆ ಬಂದರೆ ಬಂಡೆ ಜಾರುತ್ತದೆ, ಮಕ್ಕಳ ಕೈ ಬಿಡಬೇಡಿ.

ಹೊಸೂರಿನಲ್ಲಿ ಅಜ್ಜಿಯನ್ನು ಇಳಿಸಿದಾಗ ಕತ್ತಲಾಗಿತ್ತು. “ಹೋಗಿ ಬರ್ತೀವಿ” ಎಂದೆವು. ಅಜ್ಜಿ ಹುಡುಗನ ಹಣೆಯ ಮೇಲೆ ಶಿಲುಬೆಯ ಗುರುತು ಹಾಕಿದರು.

ಅದಾಗಿ ಒಂದು ತಿಂಗಳಿಗೆ, ಆಗಸ್ಟ್ 24ರಂದು, ಶ್ರೀಹರಿಕೋಟದ ಬಳಿ ಹೆಲಿಕಾಪ್ಟರಿನಿಂದ ಸುಮಾರು 3 ಕಿಲೋಮೀಟರ್ ಎತ್ತರದಲ್ಲಿ ಮಾದರಿ ಡಬ್ಬಿಯನ್ನು ಬೀಳಿಸಿ ಪ್ಯಾರಾಷೂಟ್‌ಗಳನ್ನು ಪರೀಕ್ಷಿಸಿದರು. ಸುದ್ದಿ ಬಂದೊಡನೆ ಹುಡುಗ ಹೊಸೂರಿಗೆ ಫೋನು ಮಾಡಿದ.

“ದೊಡ್ಡವು ಮೂರೂ ಬಿಚ್ಕೊಂಡ್ವಾ?” ಎಂದು ಅಜ್ಜಿ ಕೇಳಿದರು.

“ಬಿಚ್ಕೊಂಡ್ವು ಅಜ್ಜಿ.”

“ಸರಿ. ನೀನು ಊಟ ಮಾಡಿದ್ಯಾ?”