ಮಜ್ಜಿಗಿಗೆ ಹೋಗೋ ಜಡ್ಡಲ್ಲ

ಅಕ್ಕಲಕೋಟದ ಕಡೆ ನಾಯಿಮರಿ ವಾಂತಿ ಮಾಡಿದರೆ ಮೊದಲು ಬರುವ ಮಾತು: “ಉಷ್ಣ ಆಗೇದ, ಮಜ್ಜಿಗಿ ಹಾಕ್ರಿ.” ಸೊಲ್ಲಾಪುರದ ಬಿಸಿಲಿಗೆ ಆ ಮಾತು ಖರೇನೂ ಅನಿಸುತ್ತದೆ. ಆದರೆ ನಿನ್ನೆಯವರೆಗೆ ಚಪ್ಪಲಿ ಕಚ್ಚಿಕೊಂಡು ಓಡುತ್ತಿದ್ದ ಮರಿ ಮೂಲೆ ಹಿಡಿದು, ಹಾಲು-ರೊಟ್ಟಿ ಮೂಸಿಯೂ ನೋಡದೆ, ಮೇಲಿಂದ ಮೇಲೆ ವಾಂತಿ ಮಾಡುತ್ತಾ, ರಕ್ತ ಬೆರೆತು ಗಬ್ಬು ನಾರುವಂತೆ ಭೇದಿ ಮಾಡತೊಡಗಿದರೆ ಅದು ಪಾರ್ವೊ ಎಂಬ ವೈರಸ್ ಜಡ್ಡು ಇರಬಹುದು. ಒಸಡು ಮುಟ್ಟಿ ನೋಡಿ. ಒಣಗಿ ಅಂಟಂಟಾಗಿದ್ದರೆ ಮೈಯ ನೀರು ಬತ್ತುತ್ತಿದೆ. ಬಾಯಿಗೆ ಸುರಿದದ್ದೆಲ್ಲ ಹೊರಗೆ ಬರುವಾಗ ಸಲೈನೇ ಗತಿ, ಅದೂ ಇವತ್ತೇ. ನಾಳೆ ನೋಡೋಣ ಅಂದವರ ಮರಿಗಳು ಬಹಳ ಸಲ ಎರಡು-ಮೂರು ದಿನದಲ್ಲೇ ಹೋಗುತ್ತವೆ. ಬೇಗ ದವಾಖಾನೆ ಕಂಡವುಗಳಲ್ಲಿ ಹೆಚ್ಚಿನವು ಉಳಿಯುತ್ತವೆ.

ಕಾರವಾನಿ, ಪಶ್ಮಿ ತಳಿಯ ಮರಿಗೆ ಸಾವಿರಾರು ರೂಪಾಯಿ ಎಣಿಸುವವರು ಈ ಜಡ್ಡು ತಡೆಯುವ ಲಸಿಕೆಗೆ ಹಿಂದೆಮುಂದೆ ನೋಡುವುದು ಯಾವ ಲೆಕ್ಕವೋ! 6ರಿಂದ 8 ವಾರಕ್ಕೆ ಮೊದಲ ಸೂಜಿ, ಆಮೇಲೆ 16 ವಾರ ತುಂಬುವವರೆಗೆ 3-4 ವಾರಕ್ಕೊಮ್ಮೆ.

ಇನ್ನು ಜಡ್ಡಿನ ಮರಿ ಇದ್ದ ಅಂಗಳ. ಫಿನಾಯಿಲ್ ನೆಚ್ಚಬೇಡಿ, ಬ್ಲೀಚಿಂಗ್ ಪೌಡರಿನ ನೀರು ಹಾಕಿ ತೊಳೆಯಿರಿ. ಈ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಹಾಗಾಗಿ ಮರಿ ಸತ್ತ ಮನೆಗೆ, ಲಸಿಕೆ ಪೂರ್ತಿಯಾಗದ ಇನ್ನೊಂದು ಮರಿಯನ್ನು ಸದ್ಯಕ್ಕೆ ತರಬೇಡಿ.